ಹೃದಯ ಕಸಿಯಾದ ಮೇಲೆ ಕೊಲೆಸ್ಟ್ರಾಲ್ ಮಾತ್ರೆ ಏಕೆ ಬಿಡಬಾರದು

1968ರ ಜನವರಿ 2ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಫಿಲಿಪ್ ಬ್ಲೈಬರ್ಗ್ ಎಂಬ 58 ವರ್ಷದ ದಂತವೈದ್ಯರಿಗೆ ಕ್ಲೈವ್ ಹಾಪ್ಟ್ ಎಂಬ 24ರ ತರುಣನ ಹೃದಯವನ್ನು ಜೋಡಿಸಲಾಯಿತು. ಅದಕ್ಕೆ ಒಂದು ತಿಂಗಳ ಮುಂಚೆ, 1967ರ ಡಿಸೆಂಬರ್ 3ರಂದು, ಅದೇ ಆಸ್ಪತ್ರೆಯಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಜಗತ್ತಿನ ಮೊದಲ ಮಾನವ ಹೃದಯ ಕಸಿ ಮಾಡಿದ್ದರು. ಆ ರೋಗಿ ಲೂಯಿ ವಾಶ್‌ಕಾನ್‌ಸ್ಕಿ 18 ದಿನಕ್ಕೇ ನ್ಯುಮೋನಿಯಾದಿಂದ ತೀರಿಕೊಂಡರು. ಬ್ಲೈಬರ್ಗ್ ವಿಷಯದಲ್ಲಿ ಹಾಗಾಗಲಿಲ್ಲ. ಅವರು ಚೇತರಿಸಿಕೊಂಡು ಮನೆಗೆ ಹೋದರು, 594 ದಿನ ಬದುಕಿದರು. ಹೃದಯ ಕಸಿ ಬರೀ ಸಾಹಸವಲ್ಲ, ಚಿಕಿತ್ಸೆಯೂ ಆಗಬಲ್ಲದು ಎಂದು ಜಗತ್ತು ನಂಬಿದ್ದು ಅವರಿಂದ. 1969ರ ಆಗಸ್ಟ್‌ನಲ್ಲಿ ಅವರು ಸತ್ತಾಗ ಶವಪರೀಕ್ಷೆ ನಡೆಸಿದ ವೈದ್ಯರಿಗೆ ಕಂಡದ್ದನ್ನು ಆಗ ಯಾರೂ ಊಹಿಸಿರಲಿಲ್ಲ. ಇಪ್ಪತ್ತು ತಿಂಗಳು ಕೂಡ ತುಂಬದ ಅವಧಿಯಲ್ಲಿ ಆ ತರುಣನ ಹೃದಯದ ರಕ್ತನಾಳಗಳ ಒಳಗೋಡೆಯಲ್ಲಿ ಜಿಡ್ಡು ದಟ್ಟವಾಗಿ ಕಟ್ಟಿತ್ತು. ಸಾಮಾನ್ಯರಲ್ಲಿ ಹಾಗಾಗಲು ದಶಕಗಳೇ ಬೇಕು. ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆ ವರದಿ ಪ್ರಕಟವಾಯಿತು. ಕಸಿಯಾದ ಹೃದಯಕ್ಕೂ ರಕ್ತದ ಕೊಬ್ಬಿಗೂ ನಂಟಿದೆಯೇ ಎಂಬ ಪ್ರಶ್ನೆ ಅಂದೇ ಎದ್ದಿತು.

ಐವತ್ತು ವರ್ಷಗಳ ಮೇಲೆ ಈ ಪ್ರಶ್ನೆಗೆ ಸಾಕಷ್ಟು ಉತ್ತರ ಸಿಕ್ಕಿದೆ. ಹೃದಯ ಕಸಿ ಮಾಡಿಸಿಕೊಂಡ ಪ್ರತಿಯೊಬ್ಬರೂ, ರಕ್ತದ ವರದಿಯಲ್ಲಿ ಕೊಲೆಸ್ಟ್ರಾಲ್ ಎಷ್ಟೇ ಇರಲಿ, ಸ್ಟ್ಯಾಟಿನ್ ಎಂಬ ಮಾತ್ರೆಯನ್ನು ಮೊದಲ ವಾರಗಳಿಂದಲೇ ಶುರು ಮಾಡಿ ಜೀವನಪೂರ್ತಿ ತೆಗೆದುಕೊಳ್ಳಬೇಕು. ಆ ಮಾತ್ರೆಯನ್ನೂ ಅದರ ಜೊತೆಗಿನ ತಪಾಸಣೆಯನ್ನೂ ಕಸಿಯ ಖರ್ಚಿನ ಭಾಗವೆಂದೇ ಸರಕಾರ, ಆಸ್ಪತ್ರೆ, ವಿಮಾ ಸಂಸ್ಥೆಗಳು ಪರಿಗಣಿಸಬೇಕು. ಈ ಲೇಖನದ ವಾದ ಇಷ್ಟೇ. ವೈದ್ಯರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಆದರೆ ಕೊಲೆಸ್ಟ್ರಾಲ್ ಮಾತ್ರೆಯ ಬಗ್ಗೆ ಮೊಬೈಲಿನಲ್ಲಿ ಹರಿದಾಡುವ ಭಯ, ‘ರಿಪೋರ್ಟ್ ನಾರ್ಮಲ್ ಬಂತಲ್ಲ, ಇನ್ನೇಕೆ’ ಎಂಬ ಮನೆಮಂದಿಯ ಸಮಾಧಾನ, ಕಸಿ ಮುಗಿದರೆ ಕತೆ ಮುಗಿಯಿತೆಂಬ ಸಮಾಜದ ಭಾವನೆ, ಈ ಮೂರೂ ಸೇರಿದಾಗ ದಾನವಾಗಿ ಬಂದ ಹೃದಯ ಸದ್ದಿಲ್ಲದೆ ಹಾಳಾಗುತ್ತದೆ. ಆದ್ದರಿಂದ ಇದು ಆಸ್ಪತ್ರೆಯ ಗೋಡೆಯ ಹೊರಗೂ ಚರ್ಚೆಯಾಗಬೇಕಾದ ಮಾತು.

ಮೊದಲು ರೋಗದ ಸ್ವರೂಪ ನೋಡೋಣ. ನಮಗೆ ಪರಿಚಿತವಾದ ಹೃದ್ರೋಗದಲ್ಲಿ ರಕ್ತನಾಳದ ಒಂದೆರಡು ಕಡೆ ಜಿಡ್ಡು ಗಡ್ಡೆಯಂತೆ ನಿಂತು ದಾರಿ ಕಟ್ಟುತ್ತದೆ. ಅಲ್ಲಿಗೆ ಸ್ಟೆಂಟ್ ಹಾಕಬಹುದು, ಬೈಪಾಸ್ ಮಾಡಬಹುದು. ಕಸಿಯಾದ ಹೃದಯದಲ್ಲಿ ಹಾಗಲ್ಲ. ಗಡಸು ನೀರು ಹರಿಯುವ ಪೈಪಿನೊಳಗೆ ಸುಣ್ಣ ಕಟ್ಟಿದಂತೆ ನಾಳದ ಉದ್ದಕ್ಕೂ, ಸುತ್ತಲೂ, ಕಣ್ಣಿಗೆ ಕಾಣದಷ್ಟು ಸಣ್ಣ ಕವಲುಗಳವರೆಗೂ ಒಳಗೋಡೆ ದಪ್ಪವಾಗುತ್ತ ಹೋಗುತ್ತದೆ. ಸ್ಟೆಂಟ್ ಹಾಕಬೇಕೆಂದರೆ ಎಲ್ಲಿಗೆ ಹಾಕುವುದು? ಬೈಪಾಸಿನ ನಾಳವನ್ನು ತಂದು ಜೋಡಿಸಲು ಮುಂದೆ ಒಳ್ಳೆಯ ನಾಳವೇ ಉಳಿದಿರುವುದಿಲ್ಲ. ರೋಗ ಮುಂದುವರಿದ ಮೇಲೆ ನಿಜವಾದ ಪರಿಹಾರ ಮತ್ತೊಂದು ಕಸಿ ಮಾತ್ರ. ಒಂದು ಹೃದಯಕ್ಕೇ ವರ್ಷಗಟ್ಟಲೆ ಕಾಯುವವರ ಸಾಲು ಇರುವಾಗ ಎರಡನೆಯದು ಎಲ್ಲಿಂದ ಬರಬೇಕು! ಜಗತ್ತಿನ ಕಸಿ ಕೇಂದ್ರಗಳ ಮಾಹಿತಿಯನ್ನು ಒಟ್ಟುಗೂಡಿಸುವ ಅಂತರರಾಷ್ಟ್ರೀಯ ನೋಂದಣಿಯ ಲೆಕ್ಕದಲ್ಲಿ ಆಂಜಿಯೋಗ್ರಾಮಿನಲ್ಲಿ ಈ ರೋಗ ಕಾಣಿಸಿಕೊಳ್ಳುವುದು ಮೊದಲ ವರ್ಷದಲ್ಲಿ ಸುಮಾರು ಶೇ 8 ಮಂದಿಯಲ್ಲಿ, ಐದು ವರ್ಷದ ಹೊತ್ತಿಗೆ ಸುಮಾರು ಶೇ 30ರಲ್ಲಿ, ಹತ್ತು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ. ಮೊದಲ ವರ್ಷ ದಾಟಿದವರ ಆಯುಷ್ಯವನ್ನು ಕಡಿಮೆ ಮಾಡುವ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಇದಕ್ಕಿಂತ ಕ್ರೂರವಾದ ಸಂಗತಿ ಇನ್ನೊಂದಿದೆ. ದಾನಿಯ ದೇಹದಿಂದ ಹೃದಯವನ್ನು ತೆಗೆಯುವಾಗ ಅದರ ನರಗಳನ್ನು ಕತ್ತರಿಸಲೇಬೇಕು. ಹೊಸ ಎದೆಯಲ್ಲಿ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಹೊಲಿಯಲಾಗುವುದಿಲ್ಲ. ಹೀಗಾಗಿ ಕಸಿಯಾದವರ ನಾಡಿ ಸುಮ್ಮನೆ ಕೂತಾಗಲೂ ನಿಮಿಷಕ್ಕೆ 90, 100ರ ಸುಮಾರು ಬಡಿಯುತ್ತಿರುತ್ತದೆ. ಬಡಿತ ಇಳಿಸುವ ನರದ ಹತೋಟಿ ತಪ್ಪಿದ್ದೇ ಇದಕ್ಕೆ ಕಾರಣ. ನರಗಳು ಕಡಿದಿರುವುದರಿಂದಲೇ ಹೃದಯಕ್ಕೆ ರಕ್ತ ಸಾಲದೆ ಹೋದಾಗ ಎದೆ ಹಿಂಡುವ, ಎಡಗೈಗೆ ಹರಿಯುವ ಆ ನೋವು ಹೆಚ್ಚಿನವರಿಗೆ ಬರುವುದೇ ಇಲ್ಲ. ವರ್ಷಗಳು ಕಳೆದಂತೆ ಕೆಲವರಲ್ಲಿ ನರಗಳು ಒಂದಿಷ್ಟು ಚಿಗುರುತ್ತವೆ, ಅದನ್ನು ನಂಬಿ ಕೂರಲಾಗದು. ಬೇರೆಯವರಿಗೆ ಎದೆನೋವು ಎಚ್ಚರಿಕೆ ಕೊಡುತ್ತದೆ, ಇವರಿಗೆ ಆ ಎಚ್ಚರಿಕೆ ಇಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು, ಕಾರಣ ಗೊತ್ತಿಲ್ಲದ ಸುಸ್ತು, ಕಾಲು ಬಾವು, ಕೆಲವೊಮ್ಮೆ ನೇರವಾಗಿ ಹಠಾತ್ ಸಾವು, ರೋಗ ಮೊದಲು ತೋರಿಕೊಳ್ಳುವುದೇ ಹೀಗೆ. ನೋವಿಲ್ಲ ಎಂದರೆ ರೋಗವಿಲ್ಲ ಎಂದು ಇಲ್ಲಿ ತಿಳಿಯುವಂತಿಲ್ಲ. ಆದ್ದರಿಂದ ತಡೆಯುವ ಮದ್ದಿಗೆ ಬೇರೆಲ್ಲೂ ಇಲ್ಲದ ತೂಕ ಇಲ್ಲಿದೆ.

ಕಸಿಯ ನಂತರ ರಕ್ತದಲ್ಲಿ ಕೊಬ್ಬು ಏರುವುದಕ್ಕೆ ರೋಗಿಯ ತಿಂಡಿಪೋಕತನ ಕಾರಣವೆಂದು ಬಂಧುಗಳು ಮೂದಲಿಸುವುದುಂಟು. ಅದು ಅನ್ಯಾಯ. ಕೊಬ್ಬನ್ನು ಏರಿಸುವುದು ಬಹುಮಟ್ಟಿಗೆ ಆ ಹೃದಯವನ್ನು ಉಳಿಸುವ ಔಷಧಗಳೇ. ಬೇರೆಯವರ ಅಂಗವನ್ನು ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದೇ ಬಗೆಯುತ್ತದೆ. ಅದನ್ನು ಅಡಗಿಸಿಡಲು ಮೂರು ಬಗೆಯ ಮದ್ದುಗಳನ್ನು ಸಾಮಾನ್ಯವಾಗಿ ಕೊಡುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಹಸಿವು ಹೆಚ್ಚಿಸಿ, ತೂಕ ಏರಿಸಿ, ಸಕ್ಕರೆಯನ್ನೂ ಕೊಬ್ಬನ್ನೂ ಮೇಲೆತ್ತುತ್ತದೆ. 1983ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಅಂಗಾಂಗ ಕಸಿಯ ಚರಿತ್ರೆಯನ್ನೇ ಬದಲಿಸಿದ ಸೈಕ್ಲೋಸ್ಪೋರಿನ್ ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲನ್ನು ಹೊರಹಾಕುವ ಯಕೃತ್ತಿನ ಕೆಲಸಕ್ಕೆ ಅಡ್ಡಬರುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಟ್ಯಾಕ್ರೋಲಿಮಸ್ ಕೊಬ್ಬಿನ ವಿಷಯದಲ್ಲಿ ಅದಕ್ಕಿಂತ ಮೃದು, ಆದರೆ ಸಕ್ಕರೆ ಕಾಯಿಲೆ ತರುವುದರಲ್ಲಿ ಮುಂದು. ಇನ್ನು ಕಸಿಗೆ ಬಂದವರಲ್ಲಿ ಅನೇಕರ ಹಳೆಯ ಹೃದಯ ಹೋದದ್ದೇ ರಕ್ತನಾಳದ ಕಾಯಿಲೆಯಿಂದ. ಆ ದೇಹದ ಗುಣ ಹೃದಯ ಬದಲಾದರೆ ಬದಲಾಗುವುದಿಲ್ಲ. ಭಾರತೀಯರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ, ಹೊಟ್ಟೆಯ ಬೊಜ್ಜು ಮತ್ತು ಮಧುಮೇಹ ಬೇಗ ಎಂಬುದೂ ಇದರ ಜೊತೆಗೆ ಸೇರುತ್ತದೆ.

ಈಗ ಸಾಕ್ಷ್ಯಕ್ಕೆ ಬರೋಣ. 1995ರಲ್ಲಿ ಲಾಸ್ ಏಂಜಲೀಸಿನ ಜಾನ್ ಕೊಬಾಶಿಗಾವಾ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ತಿರುವು. ಹೊಸದಾಗಿ ಕಸಿಯಾದ 97 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 47 ಮಂದಿಗೆ ಕಸಿಯಾದ ಒಂದೆರಡು ವಾರದೊಳಗೇ ಪ್ರಾವಾಸ್ಟ್ಯಾಟಿನ್ ಶುರು ಮಾಡಿದರು, ಉಳಿದ 50 ಮಂದಿಗೆ ಕೊಡಲಿಲ್ಲ. ವರ್ಷದ ಕೊನೆಗೆ ಮಾತ್ರೆ ತೆಗೆದುಕೊಂಡವರ ಸರಾಸರಿ ಕೊಲೆಸ್ಟ್ರಾಲ್ 193, ತೆಗೆದುಕೊಳ್ಳದವರದು 248. ಇಷ್ಟು ನಿರೀಕ್ಷಿತವೇ. ಆದರೆ ಬದುಕುಳಿದವರ ಪ್ರಮಾಣ ಮಾತ್ರೆಯ ಗುಂಪಿನಲ್ಲಿ ಶೇ 94, ಇನ್ನೊಂದರಲ್ಲಿ ಶೇ 78. ಹೊಸ ಹೃದಯವನ್ನು ದೇಹವೇ ಒಲ್ಲದೆ ದಾಳಿಮಾಡುವ, ಅದರ ಕೆಲಸವೇ ಕುಸಿಯುವಂಥ ತೀವ್ರ ತಿರಸ್ಕಾರ ಮಾತ್ರೆಯ ಗುಂಪಿನಲ್ಲಿ 3 ಮಂದಿಗೆ, ಇನ್ನೊಂದರಲ್ಲಿ 14 ಮಂದಿಗೆ ಬಂತು. ಸಾಮಾನ್ಯ ಹೃದ್ರೋಗಿಗಳಲ್ಲಿ ಸ್ಟ್ಯಾಟಿನ್ ಫಲ ಕಾಣಲು ವರ್ಷಗಳು ಬೇಕು. ಇಲ್ಲಿ ಹನ್ನೆರಡೇ ತಿಂಗಳಲ್ಲಿ ಜೀವ–ಸಾವಿನ ಅಂತರ ಕಂಡಿತು. ಎರಡು ವರ್ಷದ ನಂತರ ಜರ್ಮನಿಯ ಮ್ಯೂನಿಕ್‌ನಿಂದ 72 ಜನರ ಮೇಲಿನ ಮತ್ತೊಂದು ಅಧ್ಯಯನ ಬಂತು. ಅಲ್ಲಿ ಎರಡೂ ಗುಂಪಿಗೆ ಕೊಬ್ಬು ಕಡಿಮೆಯಿರುವ ಪಥ್ಯವಿತ್ತು, ಒಂದು ಗುಂಪಿಗೆ ಮಾತ್ರ ಪಥ್ಯದ ಜೊತೆಗೆ ಸಿಮ್ವಾಸ್ಟ್ಯಾಟಿನ್. ನಾಲ್ಕು ವರ್ಷಕ್ಕೆ ಮಾತ್ರೆಯ ಗುಂಪಿನಲ್ಲಿ ಸುಮಾರು ಶೇ 89 ಮಂದಿ ಬದುಕಿದ್ದರು, ಪಥ್ಯ ಮಾತ್ರದ ಗುಂಪಿನಲ್ಲಿ ಸುಮಾರು ಶೇ 70. ರಕ್ತನಾಳ ರೋಗವೂ ಮೊದಲಿನವರಲ್ಲಿ ಅರ್ಧಕ್ಕಿಂತ ಕಡಿಮೆ.

ಹಾಗಾದರೆ ಕೊಲೆಸ್ಟ್ರಾಲ್ ಇಳಿದದ್ದರಿಂದ ಜೀವ ಉಳಿಯಿತೇ? ಹೌದೆಂದು ಥಟ್ಟನೆ ಹೇಳಿಬಿಡುವ ಆಸೆಯಾಗುತ್ತದೆ, ಆದರೆ ವಿಷಯ ಅಷ್ಟು ಸರಳವಾಗಿಲ್ಲ. ಇಲ್ಲಿಯೇ ಗಂಭೀರವಾದ ಆಕ್ಷೇಪವೂ ಬರುತ್ತದೆ. ಕಸಿ ಹೃದಯದ ರಕ್ತನಾಳ ರೋಗದ ಬೇರು ರೋಗನಿರೋಧಕ ವ್ಯವಸ್ಥೆಯ ದಾಳಿಯಲ್ಲಿದೆ, ಕೊಬ್ಬಿನಲ್ಲಲ್ಲ ಎನ್ನುವವರ ಕೈಯಲ್ಲಿ ಬಲವಾದ ಪುರಾವೆಗಳಿವೆ. ಎವೆರೋಲಿಮಸ್ ಎಂಬ ಮದ್ದು ರಕ್ತದ ಕೊಬ್ಬನ್ನು ಎದ್ದು ಕಾಣುವಷ್ಟು ಏರಿಸುತ್ತದೆ. ಆದರೂ 2003ರಲ್ಲಿ ಪ್ರಕಟವಾದ, 634 ರೋಗಿಗಳಿದ್ದ ಅಧ್ಯಯನದಲ್ಲಿ ಹಳೆಯ ಮದ್ದು ಅಜಥಯೋಪ್ರಿನ್ ಪಡೆದವರಿಗಿಂತ ಎವೆರೋಲಿಮಸ್ ಪಡೆದವರಲ್ಲೇ ರಕ್ತನಾಳ ರೋಗ ಕಡಿಮೆಯಿತ್ತು. ಅತ್ತ ಇತ್ತೀಚಿನ ದುಬಾರಿ ಚುಚ್ಚುಮದ್ದುಗಳಾದ ಪಿಸಿಎಸ್‌ಕೆ–9 ತಡೆ ಔಷಧಗಳನ್ನು ನಾರ್ಡಿಕ್ ದೇಶಗಳಲ್ಲೂ ಅಮೆರಿಕದಲ್ಲೂ ಕಸಿಯಾದವರ ಮೇಲೆ ಪರೀಕ್ಷಿಸಿದಾಗ ಕೆಟ್ಟ ಕೊಲೆಸ್ಟ್ರಾಲ್ ಧಡಕ್ಕನೆ ಇಳಿಯಿತು, ಆದರೆ ಒಂದು ವರ್ಷದ ಅವಧಿಯಲ್ಲಿ ನಾಳದ ಗೋಡೆ ದಪ್ಪವಾಗುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೊಬ್ಬು ಏರಿದರೂ ರೋಗ ಕಡಿಮೆ, ಕೊಬ್ಬು ಇಳಿದರೂ ರೋಗ ಅಷ್ಟೇ ಎಂದಾದರೆ ಕೊಬ್ಬನ್ನು ದೂರುವುದೇಕೆ ಎಂಬುದು ನ್ಯಾಯವಾದ ಪ್ರಶ್ನೆ.

ಈ ಆಕ್ಷೇಪವನ್ನು ತಳ್ಳಿಹಾಕಬೇಕಿಲ್ಲ. ಒಪ್ಪಿಕೊಂಡರೂ ನನ್ನ ವಾದ ಸಡಿಲವಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ದಾನಿಯ ನಾಳಗಳ ಒಳಪದರವನ್ನು ಮೊದಲು ಗಾಯಗೊಳಿಸುವುದು ರೋಗಿಯ ರೋಗನಿರೋಧಕ ಕಣಗಳು. ದಾನಿಯ ಮಿದುಳು ನಿಷ್ಕ್ರಿಯವಾದಾಗಿನ ಆಘಾತ, ಹೃದಯ ರಕ್ತವಿಲ್ಲದೆ ಪೆಟ್ಟಿಗೆಯಲ್ಲಿ ಕಳೆದ ಗಂಟೆಗಳು, ಸೈಟೊಮೆಗಾಲೊ ವೈರಸ್ಸಿನ ಸೋಂಕು ಇವೂ ಆ ಗಾಯಕ್ಕೆ ಕೈಜೋಡಿಸುತ್ತವೆ. ಗಾಯಗೊಂಡ ಗೋಡೆಯೊಳಗೆ ಕೊಬ್ಬು ಇಳಿಯುತ್ತದೆ, ಉರಿಯೂತ ಹೆಚ್ಚುತ್ತದೆ, ಸ್ನಾಯುಕಣಗಳು ಬೆಳೆದು ಗೋಡೆ ಉಬ್ಬುತ್ತದೆ. ಕೊಬ್ಬು ಇಲ್ಲಿ ಒಂಟಿ ಅಪರಾಧಿಯಲ್ಲ, ಪಾಲುದಾರ. ಸ್ಟ್ಯಾಟಿನ್‌ನ ವಿಶೇಷವೆಂದರೆ ಅದು ಈ ಎರಡೂ ಕಡೆ ಕೆಲಸ ಮಾಡುವಂತೆ ಕಾಣುತ್ತದೆ. ಪರಕೀಯ ಅಂಗವನ್ನು ಗುರುತಿಸಿ ದಾಳಿಗೆ ಕರೆಕೊಡುವ ಅಣುಗಳ ತಯಾರಿಯನ್ನು ಸ್ಟ್ಯಾಟಿನ್‌ಗಳು ತಗ್ಗಿಸುತ್ತವೆ ಎಂದು 2000ದಲ್ಲಿ ಜಿನೀವಾದ ಸಂಶೋಧಕರು ಜೀವಕೋಶಗಳಲ್ಲಿ ತೋರಿಸಿದರು. ಲಾಸ್ ಏಂಜಲೀಸಿನ ಅಧ್ಯಯನದಲ್ಲಿ ತೀವ್ರ ತಿರಸ್ಕಾರ 14ರಿಂದ 3ಕ್ಕೆ ಇಳಿದದ್ದು ಬರೀ ಕೊಲೆಸ್ಟ್ರಾಲ್ ಇಳಿಕೆಯಿಂದ ಆಗುವ ಮಾತಲ್ಲ. ಇನ್ನು ಆ ಚುಚ್ಚುಮದ್ದಿನ ಪರೀಕ್ಷೆಗಳಲ್ಲಿ ಭಾಗವಹಿಸಿದವರು ಬಹುಪಾಲು ಆಗಲೇ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರು, ಅವರ ಕೊಲೆಸ್ಟ್ರಾಲ್ ಮೊದಲೇ ಹತೋಟಿಯಲ್ಲಿತ್ತು. ಅಂದರೆ ಆ ಫಲಿತಾಂಶ ಹೇಳುವುದು ಸ್ಟ್ಯಾಟಿನ್ ವ್ಯರ್ಥ ಎಂದಲ್ಲ. ಸ್ಟ್ಯಾಟಿನ್ ಕೊಟ್ಟಮೇಲೆ ದುಬಾರಿ ಚುಚ್ಚುಮದ್ದಿನಿಂದ ಸಿಗುವ ಹೆಚ್ಚುವರಿ ಲಾಭ ಇನ್ನೂ ಸಾಬೀತಾಗಿಲ್ಲ ಎಂದು. ನಮ್ಮಂಥ ದೇಶಕ್ಕೆ ಇದು ಸಮಾಧಾನದ ಸುದ್ದಿ. ಜನೌಷಧಿ ಕೇಂದ್ರದಲ್ಲಿ ಸಿಗುವ ಅಗ್ಗದ ಮಾತ್ರೆಯೇ ಇಲ್ಲಿ ಮುಖ್ಯ ಕೆಲಸ ಮಾಡುವುದು.

ಇದರಿಂದ ಹೊರಡುವ ತೀರ್ಮಾನ ರೋಗಿಗಳ ಮನೆಯಲ್ಲಿ ನಡೆಯುವ ಲೆಕ್ಕಾಚಾರಕ್ಕೆ ನೇರ ವಿರುದ್ಧವಾಗಿದೆ. ಮನೆಯಲ್ಲಿ ಲೆಕ್ಕ ಹೀಗಿರುತ್ತದೆ: ಲಿಪಿಡ್ ಪ್ರೊಫೈಲ್ ಮಾಡಿಸಿದರು, ಕೆಟ್ಟ ಕೊಲೆಸ್ಟ್ರಾಲ್ 85 ಬಂತು, ಪಕ್ಕದಲ್ಲಿ ನಕ್ಷತ್ರ ಗುರುತಿಲ್ಲ, ಹಾಗಾದರೆ ಈ ಮಾತ್ರೆ ಇನ್ನು ಬೇಡ; ದಿನಕ್ಕೆ ನುಂಗುವ ಹದಿನೈದರಲ್ಲಿ ಒಂದಾದರೂ ಕಡಿಮೆಯಾಯಿತಲ್ಲ. ಆದರೆ 85 ಬಂದದ್ದೇ ಮಾತ್ರೆಯಿಂದ. ಅದಕ್ಕಿಂತ ದೊಡ್ಡ ಮಾತೆಂದರೆ ಮಾತ್ರೆ ಕೊಟ್ಟಿರುವುದು ಆ ಅಂಕಿಗಾಗಿ ಮಾತ್ರವಲ್ಲ, ಹೃದಯಕ್ಕಾಗಿ. ಹೃದಯ ಮತ್ತು ಶ್ವಾಸಕೋಶ ಕಸಿಯ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿ ಇದನ್ನು ನೇರವಾಗಿಯೇ ಹೇಳಿದೆ: ಕೊಲೆಸ್ಟ್ರಾಲ್ ಮಟ್ಟ ಏನೇ ಇರಲಿ, ಕಸಿಯಾದ ಒಂದೆರಡು ವಾರದಲ್ಲಿ ವಯಸ್ಕರಿಗೆ ಸ್ಟ್ಯಾಟಿನ್ ಶುರು ಮಾಡಬೇಕು. ಸಾಮಾನ್ಯ ಜನರಿಗೆ ‘ನಿಮಗೆ ಸ್ಟ್ಯಾಟಿನ್ ಬೇಕೇ’ ಎಂಬುದು ಚರ್ಚೆಯ ವಿಷಯವಾಗಿರಬಹುದು, ವಯಸ್ಸು, ರಕ್ತದೊತ್ತಡ, ಧೂಮಪಾನ ಎಲ್ಲ ಕೂಡಿಸಿ ಕಳೆದು ನೋಡಬೇಕಾಗಬಹುದು. ಕಸಿಯಾದವರ ಮಟ್ಟಿಗೆ ಆ ಚರ್ಚೆ ಮುಗಿದಿದೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ಕೊಲೆಸ್ಟ್ರಾಲ್ ಮಾತ್ರೆ ಕಂಪನಿಗಳ ಹುನ್ನಾರ’ ಎಂದು ವಿಡಿಯೊ ಮಾಡುವವರು ತಮ್ಮ ಮಾತು ಯಾರ ಯಾರ ಕಿವಿಗೆ ಬೀಳುತ್ತದೆಂದು ಒಮ್ಮೆ ಯೋಚಿಸಬೇಕು.

97 ಜನ, 72 ಜನ ಎಂಬ ಸಣ್ಣ ಲೆಕ್ಕದ ಮೇಲೆ ಇಷ್ಟು ದೊಡ್ಡ ಮಾತೇ ಎಂದು ಕೇಳುವವರಿದ್ದಾರೆ. ಆ ಅಧ್ಯಯನಗಳು ಸೈಕ್ಲೋಸ್ಪೋರಿನ್ ಕಾಲದವು, ಈಗಿನ ಮದ್ದುಗಳೇ ಬೇರೆ ಎಂದೂ ಅವರು ಸೇರಿಸಬಹುದು. ಎರಡೂ ನಿಜ. ಆದರೆ ಎರಡು ದೇಶದಲ್ಲಿ, ಎರಡು ಬೇರೆ ಸ್ಟ್ಯಾಟಿನ್‌ಗಳಿಂದ, ಒಂದೇ ದಿಕ್ಕಿನ ಫಲ ಬಂದಿದೆ. ಕೊಬಾಶಿಗಾವಾ ತಂಡ ಹತ್ತು ವರ್ಷದ ನಂತರ ಮತ್ತೆ ಎಣಿಸಿದಾಗ ಮೊದಲು ಮಾತ್ರೆ ಪಡೆದ ಗುಂಪಿನಲ್ಲಿ ಶೇ 68, ಇನ್ನೊಂದರಲ್ಲಿ ಶೇ 48 ಮಂದಿ ಉಳಿದಿದ್ದರು, ಅಂತರ ಕಿರಿದಾಗಿರಲಿಲ್ಲ. ಇಂಥ ಫಲಿತಾಂಶ ಕಂಡ ಮೇಲೆ ಅರ್ಧ ರೋಗಿಗಳಿಗೆ ಮಾತ್ರೆ ಕೊಡದೆ ಹತ್ತು ವರ್ಷ ಕಾದು ನೋಡುವ ದೊಡ್ಡ ಪ್ರಯೋಗವನ್ನು ಯಾವ ನೈತಿಕ ಸಮಿತಿಯೂ ಒಪ್ಪಲಾರದು. ಹೃದಯ ಕಸಿಯೇ ಅಪರೂಪದ ಚಿಕಿತ್ಸೆ. ಇಲ್ಲಿ ಸಾವಿರ ಸಾವಿರ ಜನರ ಅಧ್ಯಯನ ಬರುವವರೆಗೆ ಕಾಯುತ್ತೇನೆ ಎನ್ನುವುದು ಎಂದೂ ಬಾರದ ಬಸ್ಸಿಗೆ ಕಾದಂತೆ.

ಅಡ್ಡಪರಿಣಾಮದ ಆಕ್ಷೇಪವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಅದರಲ್ಲಿ ಹುರುಳಿದೆ. ಸ್ಟ್ಯಾಟಿನ್‌ನಿಂದ ಸ್ನಾಯು ನೋಯುವುದುಂಟು. ಕಸಿಯಾದವರಲ್ಲಿ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ಸೈಕ್ಲೋಸ್ಪೋರಿನ್ ಯಕೃತ್ತಿನಲ್ಲಿ ಸ್ಟ್ಯಾಟಿನ್ ವಿಲೇವಾರಿಯಾಗದಂತೆ ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಹಲವು ಪಟ್ಟು ಏರಿಸುತ್ತದೆ. ಆಗ ಸ್ನಾಯುಗಳು ಕರಗಿ, ಆ ಕಶ್ಮಲ ಮೂತ್ರಪಿಂಡಗಳಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ಮ್ಯೂನಿಕ್ ಅಧ್ಯಯನದಲ್ಲಿ ಗೆದ್ದ ಸಿಮ್ವಾಸ್ಟ್ಯಾಟಿನ್ನನ್ನೇ ಸೈಕ್ಲೋಸ್ಪೋರಿನ್ ಜೊತೆ ಕೊಡಕೂಡದೆಂದು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲಿ ಹೇಳಿದರು. ಹಾಗೆಂದು ಪರಿಹಾರ ಸ್ಟ್ಯಾಟಿನ್ ಬಿಡುವುದಲ್ಲ, ಸರಿಯಾದ ಸ್ಟ್ಯಾಟಿನ್ನನ್ನು ಸರಿಯಾದ ಪ್ರಮಾಣದಲ್ಲಿ ಕೊಡುವುದು. ಪ್ರಾವಾಸ್ಟ್ಯಾಟಿನ್, ಫ್ಲುವಾಸ್ಟ್ಯಾಟಿನ್ ಈ ತೊಡಕು ಕಡಿಮೆಯಿರುವ ಮದ್ದುಗಳು. ನಮ್ಮ ಅಂಗಡಿಗಳಲ್ಲಿ ಹೆಚ್ಚು ಸಿಗುವ ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ಗಳನ್ನೂ ಕಡಿಮೆ ಪ್ರಮಾಣದಲ್ಲಿ ಬಳಸಬಹುದು. ಸೈಕ್ಲೋಸ್ಪೋರಿನ್ ಜೊತೆ ರೋಸುವಾಸ್ಟ್ಯಾಟಿನ್ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು. ಅಪಾಯ ಬರುವುದು ಇಲ್ಲೇ. ಬೆಂಗಳೂರಿನಲ್ಲಿ ಕಸಿ ಮಾಡಿಸಿಕೊಂಡು ಊರಿಗೆ ಹೋದವರು ಅಲ್ಲಿ ಬೇರೊಬ್ಬ ವೈದ್ಯರ ಬಳಿ ಹೋಗುತ್ತಾರೆ. ಅವರು ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಕಂಡು ಒಳ್ಳೆಯ ಮನಸ್ಸಿನಿಂದಲೇ ರೋಸುವಾಸ್ಟ್ಯಾಟಿನ್ 20 ಮಿಲಿಗ್ರಾಂ ಬರೆಯುತ್ತಾರೆ. ಅಥವಾ ಕೆಮ್ಮಿಗೆ ಕ್ಲಾರಿಥ್ರೋಮೈಸಿನ್, ಚರ್ಮದ ತುರಿಕೆಗೆ ಇಟ್ರಾಕೊನಜೋಲ್ ಕೊಡುತ್ತಾರೆ. ಇವೆರಡೂ ಕಸಿಯ ಮದ್ದಿನ ಮಟ್ಟವನ್ನೂ ಕೆಲವು ಸ್ಟ್ಯಾಟಿನ್‌ಗಳ ಮಟ್ಟವನ್ನೂ ಒಟ್ಟಿಗೆ ಮೇಲೇರಿಸುತ್ತವೆ. ಕಸಿಯಾದವರ ಕೈಯಲ್ಲಿ ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ ಇರಬೇಕು: ತಾನು ತೆಗೆದುಕೊಳ್ಳುತ್ತಿರುವ ಮದ್ದುಗಳು, ಜೊತೆಗೆ ಕೊಡಬಾರದ ಮದ್ದುಗಳು, ಕರೆಮಾಡಬೇಕಾದ ಕಸಿ ಕೇಂದ್ರದ ಸಂಖ್ಯೆ. ತೊಡೆ, ತೋಳು ವಿಪರೀತ ನೋಯತೊಡಗಿದರೆ, ಮೂತ್ರ ಕಡು ಟೀ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು ಎಂಬುದೂ ಅದರಲ್ಲಿರಬೇಕು.

ಆಹಾರದ ಮಾತೂ ಇದಕ್ಕೇ ಸೇರಿದ್ದು. ಪಥ್ಯವೇ ಸಾಕು, ಮಾತ್ರೆ ಯಾಕೆ ಎನ್ನುವವರಿಗೆ ಮ್ಯೂನಿಕ್‌ನ ಪಥ್ಯದ ಗುಂಪು ಉತ್ತರ ಕೊಟ್ಟಾಗಿದೆ. ಪಥ್ಯ ಬೇಕು, ಉಪ್ಪು–ಎಣ್ಣೆ–ಸಿಹಿ ಹಿಡಿತದಲ್ಲಿರಬೇಕು, ದಿನವೂ ನಡೆಯಬೇಕು. ಅದು ಮಾತ್ರೆಯ ಬದಲಿಗಲ್ಲ, ಮಾತ್ರೆಯ ಜೊತೆಗೆ. ಆರೋಗ್ಯಕರವೆಂದು ನಾವು ನಂಬಿದ ಕೆಲವು ಪದಾರ್ಥಗಳೇ ಇವರಿಗೆ ತೊಡಕು. ಗ್ರೇಪ್‌ಫ್ರೂಟ್ ತಿನ್ನಬಾರದೆಂದು ವಿದೇಶಿ ಪುಸ್ತಕಗಳಲ್ಲಿ ಬರೆದಿರುತ್ತದೆ, ನಮ್ಮವರು ಅದು ನಮಗೆ ಸಂಬಂಧವಿಲ್ಲವೆಂದು ಪುಟ ತಿರುವುತ್ತಾರೆ. ಆದರೆ ಅದರ ಹತ್ತಿರದ ಬಳಗವೇ ನಮ್ಮ ಚಕ್ಕೋತ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ, ಹಬ್ಬಕ್ಕೆ ಮನೆಗೆ ತರುತ್ತೇವೆ. ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಕರಗಿಸುವ ಕರುಳಿನ ಕಿಣ್ವಕ್ಕೆ ಅಡ್ಡಿಮಾಡುವ ಗುಣ ಅದರಲ್ಲೂ ಇದೆ. ಕಸಿಯಾದವರು ಅದನ್ನು ಬಿಡುವುದು ಲೇಸು. ಹಾಗೆಯೇ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಅಮೃತಬಳ್ಳಿ ಕಷಾಯ. ಯಾರ ಜೀವ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿಡುವುದರಲ್ಲೇ ನಿಂತಿದೆಯೋ ಅವರಿಗೆ ಅದನ್ನು ಹೆಚ್ಚಿಸುತ್ತೇನೆಂದು ಬರುವ ಯಾವುದನ್ನೂ ಕಸಿ ವೈದ್ಯರನ್ನು ಕೇಳದೆ ಕೊಡಬಾರದು. ಪ್ರೀತಿಯಿಂದ ಕೊಟ್ಟದ್ದೂ ಇಲ್ಲಿ ಹಾನಿ ಮಾಡಬಲ್ಲದು.

ಮಾತ್ರೆಯಷ್ಟೇ ಮುಖ್ಯವಾದದ್ದು ತಪಾಸಣೆ. ನೋವು ಎಚ್ಚರಿಸುವುದಿಲ್ಲವಾದ್ದರಿಂದ ಕಾಲಕಾಲಕ್ಕೆ ಆಂಜಿಯೋಗ್ರಾಮ್ ಮಾಡಿಸಬೇಕಾಗುತ್ತದೆ. ಅದರಲ್ಲೂ ಒಂದು ಕೊರತೆಯಿದೆ: ಆಂಜಿಯೋಗ್ರಾಮಿನಲ್ಲಿ ಕಾಣುವುದು ನಾಳದೊಳಗಿನ ದಾರಿ ಮಾತ್ರ, ಗೋಡೆಯಲ್ಲ. ಉದ್ದಕ್ಕೂ ಒಂದೇ ಸಮನೆ ಕಿರಿದಾದರೆ ಹೋಲಿಸಿ ನೋಡಲು ಅಗಲವಾದ ಜಾಗವೇ ಇರದೆ ಎಲ್ಲ ಸರಿಯಿದೆಯೆಂದು ತೋರಬಹುದು. ನಾಳದೊಳಗೆ ಸೂಕ್ಷ್ಮ ಅಲ್ಟ್ರಾಸೌಂಡ್ ಇಳಿಸಿದರೆ ಗೋಡೆಯ ದಪ್ಪವನ್ನು ಅಳೆಯಬಹುದು. ಮೊದಲ ವರ್ಷದಲ್ಲಿ ಆ ದಪ್ಪ ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ಮುಂದಿನ ವರ್ಷಗಳಲ್ಲಿ ಸಾವು ಮತ್ತು ಹೃದಯ ಕೆಡುವ ಸಂಭವ ಹೆಚ್ಚೆಂದು ಹಲವು ಕೇಂದ್ರಗಳ ಅನುಭವ ತೋರಿಸಿದೆ. ಅಷ್ಟರಲ್ಲೇ ಗೊತ್ತಾದರೆ ಕಸಿಯ ಮದ್ದನ್ನು ಬದಲಿಸಬಹುದು, ಎವೆರೋಲಿಮಸ್‌ನಂಥದ್ದಕ್ಕೆ ಹೋಗಬಹುದು. ಮೂರು ವರ್ಷ ಬಿಟ್ಟು ಗೊತ್ತಾದರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಇಷ್ಟಕ್ಕೆಲ್ಲ ಹಣ ಬೇಕು. ಕರ್ನಾಟಕದಲ್ಲಿ ಲಕ್ಷಾಂತರ ಮಂದಿ ಸಾಮಾನ್ಯ ಹೃದ್ರೋಗದಿಂದ ಬಳಲುತ್ತಿರುವಾಗ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಓದುವವರಿಗೇ ಬರವಿರುವಾಗ, ಬೆರಳೆಣಿಕೆಯ ಕಸಿ ರೋಗಿಗಳ ಮೇಲೆ ಇಷ್ಟು ಖರ್ಚು ಸರಿಯೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಖರ್ಚು ಮಾಡುವ ನಿರ್ಧಾರವನ್ನು ನಾವು ಕಸಿಯ ದಿನವೇ ಮಾಡಿಬಿಟ್ಟಿದ್ದೇವೆ. 1994ರಲ್ಲಿ ಸಂಸತ್ತು ಅಂಗಾಂಗ ಕಸಿ ಕಾಯ್ದೆ ತಂದಿತು, ಅದೇ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ತಂಡ ಭಾರತದ ಮೊದಲ ಯಶಸ್ವಿ ಹೃದಯ ಕಸಿ ನಡೆಸಿತು. ಇಂದು ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ದಾನದ ಅಂಗಗಳನ್ನು ಸರದಿಯಂತೆ ಹಂಚುತ್ತದೆ, ಬಡವರ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರಕಾರ ನೆರವು ಕೊಡುತ್ತದೆ, ಪೊಲೀಸರು ಸಿಗ್ನಲ್‌ಗಳನ್ನೆಲ್ಲ ಹಸಿರು ಮಾಡಿ ಆಂಬುಲೆನ್ಸ್ ಬಿಡುತ್ತಾರೆ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಹೃದಯವೊಂದು ವಿಮಾನದಲ್ಲಿ ಚೆನ್ನೈಗೆ ಹೋದಾಗ ಎರಡು ನಗರಗಳೂ ದಾರಿ ಬಿಟ್ಟು ನಿಂತವು. ಲಕ್ಷಗಟ್ಟಲೆ ಹಣ, ಹತ್ತಾರು ಜನರ ಶ್ರಮ, ಎಲ್ಲಕ್ಕಿಂತ ಮಿಗಿಲಾಗಿ ಮಗನನ್ನೋ ಮಗಳನ್ನೋ ಕಳೆದುಕೊಂಡ ಆ ಗಳಿಗೆಯಲ್ಲೂ ಒಪ್ಪಿಗೆಗೆ ಸಹಿ ಹಾಕಿದ ಒಂದು ಕುಟುಂಬದ ದೊಡ್ಡ ಮನಸ್ಸು, ಇಷ್ಟನ್ನೆಲ್ಲ ಹಾಕಿದ ಮೇಲೆ ತಿಂಗಳಿಗೆ ಕೆಲವೇ ರೂಪಾಯಿಯ ಮಾತ್ರೆಗೂ ವರ್ಷಕ್ಕೊಂದು ತಪಾಸಣೆಗೂ ಕೈ ಹಿಂದೆಗೆಯುವುದು ಉಳಿತಾಯವಲ್ಲ, ನಷ್ಟ. ಹೃದಯ ಹಾಳಾದವರು ಮತ್ತೆ ಐಸಿಯುಗೆ ಬರುತ್ತಾರೆ, ಮತ್ತೆ ಕಾಯುವವರ ಪಟ್ಟಿಗೆ ಸೇರುತ್ತಾರೆ. ಆ ಖರ್ಚು ಹತ್ತಾರು ಪಟ್ಟು.

ಆದ್ದರಿಂದ ಕೇಳುವುದು ದೊಡ್ಡದೇನಲ್ಲ. ಕಸಿಗೆ ಕೊಡುವ ಸರಕಾರಿ ನೆರವು ಶಸ್ತ್ರಚಿಕಿತ್ಸೆ ಮತ್ತು ಆರಂಭದ ಔಷಧಕ್ಕೆ ನಿಲ್ಲದೆ ರೋಗಿ ಬದುಕಿರುವಷ್ಟು ದಿನ ಸ್ಟ್ಯಾಟಿನ್, ಲಿಪಿಡ್ ಮತ್ತು ಸಕ್ಕರೆ ಪರೀಕ್ಷೆ, ವೈದ್ಯರು ಹೇಳಿದಾಗ ಆಂಜಿಯೋಗ್ರಾಮ್ ಇವನ್ನೂ ಒಳಗೊಳ್ಳಲಿ. ಕಲಬುರಗಿ, ಬೀದರ್, ರಾಯಚೂರಿನ ರೋಗಿ ರಕ್ತಪರೀಕ್ಷೆಗಾಗಿ ಪ್ರತಿಸಲ ಬೆಂಗಳೂರಿನ ಬಸ್ಸು ಹತ್ತಬೇಕಾಗದಂತೆ ಜಿಲ್ಲಾ ಆಸ್ಪತ್ರೆಯೂ ಕಸಿ ಕೇಂದ್ರವೂ ಫೋನಿನಲ್ಲಿ ಮಾತಾಡಿಕೊಳ್ಳುವ ಏರ್ಪಾಡಾಗಲಿ. ಕಸಿ ಕೇಂದ್ರಗಳು ಎಷ್ಟು ಹೃದಯ ಜೋಡಿಸಿದೆವು ಎಂಬುದರ ಜೊತೆಗೆ ಐದು ವರ್ಷದ ಮೇಲೆ ಎಷ್ಟು ಹೃದಯ ಚೆನ್ನಾಗಿವೆ, ಎಷ್ಟು ಮಂದಿ ಸ್ಟ್ಯಾಟಿನ್ ಮೇಲಿದ್ದಾರೆ ಎಂಬ ಲೆಕ್ಕವನ್ನೂ ಜನರ ಮುಂದಿಡಲಿ. ಕಸಿಯಾದವರಲ್ಲಿ, ಅವರನ್ನು ನೋಡಿಕೊಳ್ಳುವ ಮನೆಯವರಲ್ಲಿ ಒಂದು ವಿನಂತಿ: ಲಿಪಿಡ್ ವರದಿ ಎಷ್ಟೇ ಚೆನ್ನಾಗಿ ಬರಲಿ, ಮೈಕೈ ನೋವೆಂದು ಯಾರೇ ಹೇಳಲಿ, ನಿಮ್ಮ ಕಸಿ ವೈದ್ಯರನ್ನು ಕೇಳದೆ ಆ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬೇಡಿ, ಪ್ರಮಾಣವನ್ನೂ ಬದಲಿಸಬೇಡಿ.